ಶ್ರೀಮಂತ ದೇಶಗಳ ಖಜಾನೆ, ಚರ್ಚುಗಳ ಒತ್ತಾಯ: ನಮಗೇನು?

(ಬಡ ದೇಶಗಳ ಆರೋಗ್ಯಕ್ಕೆ ನೆರವು ಕೊಡಿ ಎಂದು ಚರ್ಚುಗಳು ಶ್ರೀಮಂತ ದೇಶಗಳನ್ನು ಒತ್ತಾಯಿಸುವುದರ ಬಗ್ಗೆ ಓದುಗರ ವಾಗ್ವಾದ)

ಫ್ರೇಜರ್ ಟೌನ್ ಓದುಗಿ: 2003ರಲ್ಲಿ ಅಮೆರಿಕ ಏಡ್ಸ್ ವಿರುದ್ಧ ಬಡ ದೇಶಗಳಿಗೆ ನೆರವಾಗುವ ಪೆಪ್‌ಫಾರ್ ಯೋಜನೆ ತಂದದ್ದು ಅಧ್ಯಕ್ಷ ಜಾರ್ಜ್ ಬುಷ್ ಒಬ್ಬರ ಕರುಣೆಯಿಂದಲ್ಲ, ಇವಾಂಜೆಲಿಕಲ್ ಚರ್ಚುಗಳೂ ಬೆನ್ನು ಬಿದ್ದಿದ್ದವು. ಅದರಿಂದ ಸುಮಾರು ಎರಡೂವರೆ ಕೋಟಿ ಜೀವ ಉಳಿಯಿತೆಂದು ಆ ಸರ್ಕಾರವೇ ಅಂದಾಜಿಸಿದೆ. 2025ರಲ್ಲಿ ನೆರವಿಗೆ ಕತ್ತರಿ ಬಿದ್ದ ಮೇಲೆ ಧಾರ್ಮಿಕ ಸಂಘಟನೆಗಳು ಮತ್ತೆ ಅಲ್ಲಿನ ಸಂಸದರ ಬಾಗಿಲು ತಟ್ಟಿದರೆ ತಪ್ಪೇನು?

ಬಸವನಗುಡಿ ಕಟ್ಟೆ: ಕರುಣೆಯಂತೆ! ರೋಗ ತಡೆಯುವ ಹಣದ ಮೂರನೇ ಒಂದು ಪಾಲು ‘ಮದುವೆಯವರೆಗೆ ಸಂಯಮ’ ಎಂಬ ಬೋಧನೆಗೆ ಎಂದು ಆ ಕಾಯ್ದೆಯಲ್ಲೇ ಇತ್ತು. ಕಾಂಡೋಮ್ ಬೇಕಾದವನಿಗೆ ಪ್ರವಚನ. ಈ ಹಂಗು ನಮಗೇಕೆ? ಬೆಂಗಳೂರು ಯಾರ ಮುಂದೆಯೂ ಕೈ ಚಾಚಿದ್ದಿಲ್ಲ.

ಯಲಹಂಕದವನು: ಚಾಚಿದ್ದಿಲ್ಲವೇ? ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾದಾಗ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎರಡೂ ಜೊತೆಗಿದ್ದವು.

ಬಸವನಗುಡಿ ಕಟ್ಟೆ: ಅದು ಭಾರತ ಸರ್ಕಾರದ ಸಂಸ್ಥೆ ಸ್ವಾಮಿ. ಜೊತೆಗೆ ನಿಂತವರೆಲ್ಲ ಮದುವೆ ಮಾಡಿಸಿದವರಾಗುವುದಿಲ್ಲ.

ಯಲಹಂಕದವನು: ಅದೇ ಸಂಸ್ಥೆಯ ತುಮಕೂರಿನ ಅಧ್ಯಯನ ಓದಿ, ಆಮೇಲೆ ಮಾತಾಡಿ. ಕೆಮ್ಮುವ ಕ್ಷಯರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದರು, ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸುತ್ತಿದ್ದರು. 1963ರಲ್ಲಿ ಇದನ್ನು ಪ್ರಕಟಿಸಿದವರು ನಮ್ಮ ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಆಂಡರ್ಸನ್. ಆಂಡರ್ಸನ್ ಯಾವ ಊರಿನವರು, ಶಿರಾದವರೇ?

ಬಸವನಗುಡಿ ಕಟ್ಟೆ: ಮೊದಲ ಹೆಸರು ಬ್ಯಾನರ್ಜಿಯವರದು. ಅದನ್ನು ನೀವೇ ಬರೆದಿದ್ದೀರಿ.

ಮಲ್ಲೇಶ್ವರ 18ನೇ ಅಡ್ಡರಸ್ತೆ: ತುಮಕೂರು ಬಿಟ್ಟು ಮೇಲಕ್ಕೆ ಬನ್ನಿ. ಶ್ರೀಮಂತ ದೇಶಗಳು ರಾಷ್ಟ್ರೀಯ ಆದಾಯದ ಶೇ. 0.7ರಷ್ಟನ್ನು ನೆರವಿಗೆ ಕೊಡಬೇಕೆಂದು ವಿಶ್ವಸಂಸ್ಥೆ ಹೇಳಿದ್ದು 1970ರಲ್ಲಿ. ಬ್ರಿಟನ್ 2021ರಲ್ಲಿ 0.5ಕ್ಕೆ ಇಳಿಸಿತು, 2027ಕ್ಕೆ 0.3 ಎಂದಿದೆ. ಚರ್ಚು ಕೇಳುತ್ತಿರುವುದು ಭಿಕ್ಷೆಯಲ್ಲ, ಕೊಟ್ಟ ಮಾತು.

ಜಯನಗರದ ಔಷಧಿ ಅಂಗಡಿ: ಮಾತಿಗೆ ಬೆಲೆಯೇ? 2020ರ ಅಕ್ಟೋಬರ್‌ನಲ್ಲಿ ಕೋವಿಡ್ ಔಷಧಿ, ಲಸಿಕೆಗಳ ಪೇಟೆಂಟ್ ಸಡಿಲಿಸಿ ಎಂದು ಭಾರತ, ದಕ್ಷಿಣ ಆಫ್ರಿಕಾ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಕೇಳಿದವು. ಎಳೆದು ಎಳೆದು 2022ರ ಜೂನ್‌ನಲ್ಲಿ ಸಿಕ್ಕಿದ್ದು ಲಸಿಕೆಗೆ ಮಾತ್ರ, ಅದೂ ಅರೆಬರೆ. 2001ರಲ್ಲಿ ನಮ್ಮ ಔಷಧಿ ಕಂಪನಿ ಸಿಪ್ಲಾ ಏಡ್ಸ್ ಔಷಧಿಯನ್ನು ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡಲು ಮುಂದೆ ಬಂತು. ಯಾವ ಪಾದ್ರಿಯ ಭಾಷಣಕ್ಕೂ ಆ ಶಕ್ತಿ ಇರಲಿಲ್ಲ.

ಫ್ರೇಜರ್ ಟೌನ್ ಓದುಗಿ: ಪಾದ್ರಿ ಎಂದಿರಲ್ಲ, ಆ ಪೇಟೆಂಟ್ ಸಡಿಲಿಕೆಯನ್ನು ಬೆಂಬಲಿಸಿದವರಲ್ಲಿ ಪೋಪ್ ಫ್ರಾನ್ಸಿಸ್ ಕೂಡ ಇದ್ದರು. ಮೇಲೆ ಹೇಳಿದ ಸಂಯಮದ ಷರತ್ತನ್ನು 2008ರಲ್ಲೇ ಕಾಯ್ದೆಯಿಂದ ತೆಗೆದಾಗಿದೆ, ಅದನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಬಸವನಗುಡಿ ಕಟ್ಟೆ: ಐದು ವರ್ಷ ಇತ್ತು ಎಂದಾಯಿತಲ್ಲ, ಅಷ್ಟು ಸಾಕು. ಯಲಹಂಕದವರೇ, ಆಂಡರ್ಸನ್ ಶಿರಾದವರಲ್ಲ, ನೀವೂ ಅಲ್ಲ. ಕಫದ ಪರೀಕ್ಷೆಗೆ ಆ ಹಳ್ಳಿಗಳಲ್ಲಿ ಮನೆಮನೆ ತಿರುಗಿದವರು ಯಾರು, ಅದನ್ನು ಹೇಳಿ.