ಊಟಿ ಪುಟಾಣಿ ರೈಲು: ಅಮ್ಮ, ಮಕ್ಕಳ ಜೊತೆ ಹೋಗಿಬಂದವರು ಹೇಳಿ

ಕೇಳಿದವರು, ಮೈಸೂರು:
ದಸರಾ ರಜೆಗೆ ಊಟಿ ರೈಲು ಹತ್ತಲೇಬೇಕು ಅಂತ ಮನೆಯಲ್ಲಿ ಮಕ್ಕಳ ಹಟ. ನಾನು, ಹೆಂಡತಿ, 7 ಮತ್ತು 11 ವರ್ಷದ ಮಕ್ಕಳು, ಜೊತೆಗೆ ಮಂಡಿನೋವಿರುವ ಅಮ್ಮ. ಗುಂಡ್ಲುಪೇಟೆ, ಬಂಡೀಪುರದ ದಾರಿಯಲ್ಲಿ ಕಾರಲ್ಲಿ ಎಷ್ಟೋ ಸಲ ಊಟಿಗೆ ಹೋಗಿದ್ದೇವೆ. ರೈಲು ಮಾತ್ರ ಹತ್ತಿಲ್ಲ. ಎಲ್ಲಿಂದ ಹತ್ತಬೇಕು, ಯಾವ ಕಡೆ ಕೂರಬೇಕು, ಅಮ್ಮನಿಗೆ ಆಗುತ್ತಾ? ಹೋಗಿಬಂದವರು ಹೇಳಿ.

ಚಾಮರಾಜನಗರದಿಂದ:
ನಾನು ಮೋಸ ಹೋದ ಕಥೆ ಮೊದಲು ಕೇಳಿ. ಒಬ್ಬ ಏಜೆಂಟ್ "ಟಾಯ್ ಟ್ರೈನ್ ಟಿಕೆಟ್ ಗ್ಯಾರಂಟಿ" ಅಂತ ದುಡ್ಡು ತಗೊಂಡ. ಕೊನೆಗೆ ಕೊಟ್ಟಿದ್ದು ಊಟಿಯಿಂದ ಕೂನೂರಿಗೆ. ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿದುಹೋಯಿತು. ಎಂಜಿನ್ ನೋಡಿದರೆ ಡೀಸೆಲ್! ಮಗಳು "ಹೊಗೆ ಎಲ್ಲಪ್ಪಾ?" ಅಂತ ದಾರಿಯುದ್ದಕ್ಕೂ ಕೇಳಿದಳು. ಅದೇ ಹಳಿ, ಅದೇ ಡಬ್ಬಿ ಹೌದು. ಆದರೆ ಉಗಿ ಎಂಜಿನ್ ಇರುವುದು ಕೆಳಗಿನ ಅರ್ಧದಲ್ಲಿ, ಬೆಟ್ಟದ ಬುಡದ ಮೆಟ್ಟುಪಾಳ್ಯದಿಂದ ನಡುದಾರಿಯ ಕೂನೂರಿನವರೆಗೆ. ಟಿಕೆಟ್ ನೀವೇ ಐಆರ್‌ಸಿಟಿಸಿಯಲ್ಲಿ ಮಾಡಿ. ಅಲ್ಲಿ ಊಟಿ ಸ್ಟೇಷನ್ನಿನ ಹೆಸರು ಉದಗಮಂಡಲಂ, ಕೋಡ್ ಯುಎಎಂ. ಮೆಟ್ಟುಪಾಳ್ಯದ್ದು ಎಂಟಿಪಿ. ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ರಜೆ ದಿನದ್ದಾದರೆ ಬೆಳಿಗ್ಗೆ 8ಕ್ಕೆ ಮೊಬೈಲ್ ಹಿಡಿದು ಕೂತಿರಬೇಕು. ಡಬ್ಬಿಗಳೇ ನಾಲ್ಕೈದು, ಸೀಟು ಎಷ್ಟಿರುತ್ತವೆ ಹೇಳಿ.

ನಿವೃತ್ತ ರೈಲ್ವೆ ನೌಕರ, ಹುಬ್ಬಳ್ಳಿ:
ಮೇಲಿನವರು ಹೇಳಿದ್ದು ಸರಿ. ಯಾಕೆ ಕೆಳಗಿನ ಅರ್ಧವೇ ಅಸಲಿ ಅಂತ ನಾನು ಹೇಳುತ್ತೇನೆ. ಕಲ್ಲಾರ್ ಸ್ಟೇಷನ್ ದಾಟಿದ ಮೇಲೆ ಏರು ಎಷ್ಟಿದೆ ಗೊತ್ತಾ? 12 ಅಡಿ ಹೋದರೆ 1 ಅಡಿ ಮೇಲೆ. ಮಾಮೂಲಿ ಚಕ್ರ ಅಲ್ಲಿ ಜಾರುತ್ತದೆ. ಅದಕ್ಕೆ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ. ಎಂಜಿನ್ ಅಡಿಯ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. ಪಟ್ಟಿ ಒಂದಲ್ಲ, ಜೋಡಿ. ಒಂದರ ಹಲ್ಲು ಇನ್ನೊಂದರ ಸಂದಿಗೆ ಎದುರಾಗಿರುತ್ತದೆ, ಯಾವಾಗಲೂ ಹಿಡಿತ ಇರಲಿ ಅಂತ. ಕಲ್ಲಾರಿನಿಂದ ಕೂನೂರಿನ ತನಕ ಸುಮಾರು 20 ಕಿ.ಮೀ. ಹೀಗೇ. ಗಂಟೆಗೆ 13 ಕಿ.ಮೀ.ಗಿಂತ ಜಾಸ್ತಿ ವೇಗವಿಲ್ಲ.

ಇನ್ನೊಂದು ವಿಷಯ. ಎಂಜಿನ್ ಯಾವಾಗಲೂ ಇಳಿಜಾರಿನ ಕಡೆ ಇರುತ್ತದೆ. ಅಂದರೆ ಹತ್ತುವಾಗ ಹಿಂದಿನಿಂದ ದೂಡುತ್ತದೆ. ಹಾಗಾಗಿ ಮುಂದಿನ ಡಬ್ಬಿಯವರಿಗೆ ಎದುರಿನ ದಾರಿ ಕಾಣುತ್ತದೆ, ಹಿಂದಿನ ಡಬ್ಬಿಯವರಿಗೆ ಎಂಜಿನ್ ಸದ್ದು, ಹೊಗೆ. ನನ್ನನ್ನು ಕೇಳಿದರೆ ಹಿಂದಿನ ಡಬ್ಬಿಯೇ ಚೆಂದ! ಒಂದೊಂದು ಡಬ್ಬಿಗೂ ಒಬ್ಬ ಬ್ರೇಕ್‌ಮನ್ ಇರುತ್ತಾನೆ, ಬಾವುಟ ಹಿಡಿದು ಹೊರಗೆ ಕೂತಿರುತ್ತಾನೆ. ಮಕ್ಕಳಿಗೆ ಅವನನ್ನು ತೋರಿಸಿ. ಕೂನೂರಿನ ತನಕ ಹಳಿ ಬಂದದ್ದು 1899ರಲ್ಲಿ, ಊಟಿಗೆ 1908ರಲ್ಲಿ. ಆ ಹಳಿಯ ಮೇಲೆ ಇವತ್ತಿಗೂ ರೈಲು ಓಡುತ್ತಿದೆಯಲ್ಲ, ಅದನ್ನು ನೋಡಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಬೆಂಗಳೂರಿನಿಂದ, ಅತ್ತೆಯವರ ಜೊತೆ ಹೋಗಿಬಂದವಳು:
ಅಮ್ಮನ ವಿಷಯಕ್ಕೆ ಬರುತ್ತೇನೆ, ಅದನ್ನು ಯಾರೂ ಹೇಳಲಿಲ್ಲ. ರೈಲು ಮೆಟ್ಟುಪಾಳ್ಯ ಬಿಡುವುದು ಬೆಳಿಗ್ಗೆ 7:10ಕ್ಕೆ, ಊಟಿ ತಲುಪುವುದು ಮಧ್ಯಾಹ್ನ 12ರ ಹೊತ್ತಿಗೆ. ಐದು ಗಂಟೆ. ಡಬ್ಬಿಯೊಳಗೆ ಟಾಯ್ಲೆಟ್ ಇಲ್ಲ. ಇದನ್ನು ಮೊದಲೇ ತಿಳಿದಿರಿ. ನಮ್ಮ ಅತ್ತೆ ಬೆಳಿಗ್ಗೆ ಎದ್ದವರೇ ಎರಡು ಲೋಟ ಕಾಫಿ ಕುಡಿದಿದ್ದರು. ಕಲ್ಲಾರ್ ದಾಟುವ ಹೊತ್ತಿಗೆ ಅವರ ಮುಖ ನೋಡಲಾಗಲಿಲ್ಲ. ಹಿಲ್‌ಗ್ರೋವ್‌ನಲ್ಲಿ ಎಂಜಿನ್ನಿಗೆ ನೀರು ತುಂಬಿಸಲು ನಿಲ್ಲಿಸುತ್ತಾರೆ, ಅಲ್ಲಿ ಇಳಿದು ಹೋಗಿಬರಬಹುದು. ನಿಂತ ತಕ್ಷಣ ಇಳಿಯಿರಿ, ಫೋಟೋ ಆಮೇಲೆ. ಕೂನೂರಿನಲ್ಲೂ ಎಂಜಿನ್ ಬದಲಾಯಿಸುವಾಗ ಸ್ವಲ್ಪ ಹೊತ್ತು ಸಿಗುತ್ತದೆ.

ಸೀಟು ಇಕ್ಕಟ್ಟು. ಎದುರು ಬದುರು ಬೆಂಚು, ಮಂಡಿಗೆ ಮಂಡಿ ತಾಗುತ್ತದೆ. ಅಮ್ಮನಿಗೆ ಕಾಲು ಚಾಚಲು ಆಗಲ್ಲ. ಫಸ್ಟ್ ಕ್ಲಾಸ್ ಸಿಕ್ಕರೆ ಅದನ್ನೇ ಮಾಡಿ, ಅಲ್ಲಿ ಜನ ಕಡಿಮೆ. ಪ್ಲಾಟ್‌ಫಾರ್ಮಿನಿಂದ ಡಬ್ಬಿಗೆ ಹತ್ತುವಾಗ ಒಬ್ಬರು ಕೈ ಹಿಡಿಯಿರಿ. ದೊಡ್ಡ ಸೂಟ್‌ಕೇಸ್ ಬೇಡವೇ ಬೇಡ, ಇಡಲು ಜಾಗವೇ ಇಲ್ಲ. ತಿಂಡಿ ಮನೆಯದ್ದೇ ಒಯ್ಯಿರಿ, ಆದರೆ ಹಿಲ್‌ಗ್ರೋವ್‌ನಲ್ಲಿ ಡಬ್ಬ ತೆರೆಯಬೇಡಿ. ಕೋತಿ! ನಮ್ಮ ಚಪಾತಿ ರೋಲ್ ಕಿಟಕಿಯಿಂದಲೇ ಹೋಯಿತು. ನೀಲಗಿರಿ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನಿಷೇಧ ಜೋರಾಗಿದೆ, ನೀರಿಗೆ ಸ್ಟೀಲ್ ಬಾಟಲಿ ಇರಲಿ. ಕೆಳಗೆ ಸೆಕೆ, ಮೇಲೆ ಚಳಿ. ಸ್ವೆಟರನ್ನು ಬ್ಯಾಗಿನ ತಳಕ್ಕೆ ತುರುಕಬೇಡಿ.

ಯಾವ ಕಡೆ ಅಂದರೆ, ಕೂನೂರಿನ ತನಕ ಎಡಗಡೆ ಅಂತ ಬಹಳ ಜನ ಹೇಳುತ್ತಾರೆ. ಕಿಟಕಿ ಸೀಟೇ ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲ. ಆದರೆ 208 ತಿರುವು, 16 ಸುರಂಗ ಇರುವ ದಾರಿ, ಎಲ್ಲರಿಗೂ ಏನೋ ಒಂದು ಕಂಡೇ ಕಾಣುತ್ತದೆ. ಸುರಂಗ ಬಂದಾಗ ಡಬ್ಬಿಯವರೆಲ್ಲ ಕೂಗುತ್ತಾರೆ. ನಿಮ್ಮ ಮಕ್ಕಳೂ ಕೂಗಲಿ.

ಅತ್ತೆಗೆ ಇಷ್ಟವಾದದ್ದು ಮಾತ್ರ ಬೇರೆಯೇ. ಕೂನೂರಿನಿಂದ ಮುಂದೆ ಪಕ್ಕದಲ್ಲಿ ನೀಲಗಿರಿಯ ಬಡಗ ಸಮುದಾಯದ ಒಬ್ಬ ಅಜ್ಜಿ ಕೂತರು, ಕೇತಿ ಕಡೆಯ ಹಟ್ಟಿಯವರು. ಇಬ್ಬರೂ ತಮ್ಮ ತಮ್ಮ ಮಾತಿನಲ್ಲೇ ಹರಟಿದರು. "ಇದು ನಮ್ಮದೇ ಮಾತಲ್ವೇನೇ, ಸ್ವಲ್ಪ ಎಳೀತಾರೆ ಅಷ್ಟೆ" ಅಂದರು ಅತ್ತೆ. ಬಡಗಲಿಂದ, ಅಂದರೆ ಉತ್ತರದ ನಮ್ಮ ಮೈಸೂರು ಸೀಮೆಯಿಂದ ಹೋದವರು ಅಂತಲೇ ಬಡಗರು ಹೇಳಿಕೊಳ್ಳುತ್ತಾರೆ.

ತುಮಕೂರಿನಿಂದ:
ಎಲ್ಲರೂ ಹೊಗಳುತ್ತಿದ್ದೀರಿ, ನಾನೊಂದು ಅಪಸ್ವರ ಹೇಳಲಾ? ನನಗೆ ಮೂರನೇ ಗಂಟೆಗೆ ಬೇಜಾರು ಬಂತು. ಮಕ್ಕಳು ನಿದ್ದೆ ಹೋದರು. ಕೂನೂರಿನಲ್ಲಿ ಇಳಿದು ಸಿಮ್ಸ್ ಪಾರ್ಕ್ ನೋಡಿ, ಬಸ್ಸಲ್ಲಿ ಊಟಿಗೆ ಹೋದರೂ ಏನೂ ಕಳೆದುಕೊಳ್ಳಲ್ಲ.

ಕೊಯಮತ್ತೂರಿನ ಕನ್ನಡತಿ:
ದಸರಾ ಅಂದಿರಿ, ಅಲ್ಲೇ ತೊಂದರೆ. ನಮ್ಮ ಕಡೆ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಹಿಂಗಾರು ಜೋರು. ಹಳಿಯ ಮೇಲೆ ಮಣ್ಣು, ಬಂಡೆ ಬೀಳುವುದು, ರೈಲು ದಿನಗಟ್ಟಲೆ ನಿಲ್ಲುವುದು ಮಾಮೂಲು. ರೈಲ್ವೆಯೇ ರದ್ದು ಮಾಡಿದರೆ ಟಿಕೆಟ್ ದುಡ್ಡು ಪೂರ್ತಿ ವಾಪಸ್ ಬರುತ್ತದೆ, ಆದರೆ ನಿಮ್ಮ ರಜೆ ಬರಲ್ಲ. ಹಿಂದಿನ ದಿನ ವಿಚಾರಿಸಿ. ನಿಂತಿದ್ದರೆ ಕೂನೂರು-ಊಟಿ ನಡುವಿನ ಗಾಡಿ ಕೆಲವೊಮ್ಮೆ ಓಡುತ್ತಿರುತ್ತದೆ, ಮಕ್ಕಳಿಗೆ ಸಮಾಧಾನಕ್ಕೆ ಅದು. ಆಗುತ್ತದೆ ಅಂದರೆ ಜನವರಿ, ಫೆಬ್ರವರಿಗೆ ಮುಂದೂಡಿ.

ಕೇಳಿದವರು, ಮೈಸೂರು:
ಎಲ್ಲರಿಗೂ ಥ್ಯಾಂಕ್ಸ್. ಜನವರಿಗೇ ಹಾಕಿಕೊಂಡೆವು, ಮಕ್ಕಳು ಮುನಿಸಿಕೊಂಡಿದ್ದಾರೆ. ಕಾರು ಏನು ಮಾಡಲಿ? ಮೆಟ್ಟುಪಾಳ್ಯದಲ್ಲಿ ಬಿಟ್ಟರೆ ಮತ್ತೆ ಅಲ್ಲಿಗೇ ಬರಬೇಕಲ್ವಾ?

ಚಾಮರಾಜನಗರದಿಂದ:
ನಮ್ಮೂರ ಮೇಲೆಯೇ ಬನ್ನಿ. ಸತ್ಯಮಂಗಲ ದಾರಿ, ದಿಂಬಂ ಘಾಟಿ 27 ತಿರುವು. ಅಲ್ಲಿ ರಾತ್ರಿ ವಾಹನಕ್ಕೆ ನಿರ್ಬಂಧವಿದೆ, ಮಧ್ಯಾಹ್ನವೇ ಹೊರಟು ಮೆಟ್ಟುಪಾಳ್ಯದಲ್ಲಿ ಉಳಿಯಿರಿ. ಬೆಳಿಗ್ಗೆ ನಾಲ್ವರೂ ರೈಲಿಗೆ, ಕಾರು ಓಡಿಸುವವರು ರಸ್ತೆಯಲ್ಲಿ ಊಟಿಗೆ. ಸಂಜೆ ಅಲ್ಲಿಂದ ಬಂಡೀಪುರದ ಮೇಲೆ ಮೈಸೂರು. ಅಲ್ಲೂ ರಾತ್ರಿ 9ಕ್ಕೆ ಗೇಟ್ ಹಾಕುತ್ತಾರೆ ಅನ್ನುವುದು ನಿಮಗೆ ಗೊತ್ತೇ ಇದೆ. ಊಟಿಗೆ ಹೊರಗಿನ ಕಾರಿಗೆ ಈಗ ಇ-ಪಾಸ್ ಬೇಕು, ಆನ್‌ಲೈನಲ್ಲಿ ಸಿಗುತ್ತದೆ.

ಕೇಳಿದವರು, ಮೈಸೂರು:
ಅಂದರೆ ರೈಲು ತಪ್ಪುವುದು ನನಗೇ!

ಬೆಂಗಳೂರಿನಿಂದ:
ನಮ್ಮ ಮನೆಯವರೂ ಹಾಗೇ ಕಾರಲ್ಲಿ ಬಂದರು. ಮುಂದಿನ ವರ್ಷ ಒಬ್ಬರೇ ಹೋಗಿ ಹತ್ತಿ ಬಂದರು, ಹಿಂದಿನ ಡಬ್ಬಿಯಲ್ಲಿ.