ಬೀಟೆ ಮರದ ಹಳೇ ಬೀರು: ಪೂರ್ತಿ ಉಜ್ಜಿಸಿ ಹೊಸ ಪಾಲಿಶ್ ಮಾಡಿಸಬೇಕಾ?

ಪ್ರಶ್ನೆ (ಬಸವನಗುಡಿ)
ತಾತನ ಕಾಲದ ಬೀಟೆ ಬೀರು. ಮೈಯೆಲ್ಲ ಕಪ್ಪಾಗಿದೆ, ಕೈಯಿಟ್ಟರೆ ಅಂಟಂಟು. ಮೇಲಿನ ಹಲಗೆ ತುಂಬ ಲೋಟದ ಬಿಳಿ ಉಂಗುರಗಳು. ಪಾಲಿಶ್‌ನವರು ಮಷೀನ್‌ನಲ್ಲಿ ಉಜ್ಜಿ ಪಿಯು (ಪಾಲಿಯುರೆಥೇನ್, ಪ್ಲಾಸ್ಟಿಕ್‌ನಂಥ ಗಟ್ಟಿ ಪಾಲಿಶ್) ಹೊಡೀತೀವಿ ಅಂತಾರೆ. ಒಪ್ಪಬಹುದಾ?

ಉತ್ತರ 1
ಸದ್ಯಕ್ಕೆ ಮಷೀನ್ ಮುಟ್ಟಿಸಬೇಡಿ ಸರ್. ಈಗಿರೋ ಪಾಲಿಶ್ ಯಾವುದು ಅಂತ ಮೊದಲು ತಿಳ್ಕೊಳ್ಳಿ. ಬೀರುವಿನ ಕಾಲಿನ ಒಳಬದಿಗೆ ಸ್ಪಿರಿಟ್ (ಪಾಲಿಶ್‌ಗೆ ಬಳಸೋ ಮೆಥಿಲೇಟೆಡ್ ಸ್ಪಿರಿಟ್) ಅದ್ದಿದ ಹತ್ತಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹತ್ತಿ ಕಂದಾಗಿ ಆ ಜಾಗ ಅಂಟಾದರೆ ಅರಗಿನ (ಶೆಲಾಕ್) ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್‌ಗೆ ಕರಗಿದರೆ ಲ್ಯಾಕರ್ ಅನ್ನೋ ಪಾಲಿಶ್. ಎರಡಕ್ಕೂ ಜಗ್ಗದಿದ್ದರೆ ಪಿಯು ಇರಬಹುದು.

ಅರಗಾಗಿದ್ದರೆ ನಿಮ್ಮ ಅದೃಷ್ಟ. ಹೊಸ ಪದರ ಹಳೆಯದನ್ನೇ ಕರಗಿಸಿಕೊಂಡು ಒಂದಾಗುತ್ತೆ, ಉಜ್ಜೋ ಮಾತೇ ಬರಲ್ಲ. ಮೊದಲು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ. ಅಂಟು ಬಹುತೇಕ ಹಳೇ ಮೇಣ, ಜಿಡ್ಡು, ಧೂಳು. ಬಿಳಿ ಉಂಗುರ ಅಂದರೆ ಪಾಲಿಶ್ ಒಳಗೆ ಸಿಕ್ಕಿಕೊಂಡ ತೇವ. ಸ್ಪಿರಿಟ್ ಹಾಕಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಅದರ ಮೇಲೆ ಸರ್ರನೆ ಎಳೆದರೆ ಹೋಗುತ್ತೆ.

ಆಮೇಲೆ ಒಂದು ಲೀಟರ್ ಸ್ಪಿರಿಟ್‌ಗೆ 150 ಗ್ರಾಂ ಅರಗು ಹಾಕಿ, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ. ಬನಿಯನ್ ಬಟ್ಟೆಯಲ್ಲಿ ಹತ್ತಿ ಉಂಡೆ ಕಟ್ಟಿ ತೆಳುವಾಗಿ ಹಚ್ಚಿ. ಉಂಡೆ ಹಲಗೆ ಮೇಲೆ ನಿಲ್ಲಲೇಬಾರದು. ನಿಂತರೆ ಕಚ್ಚಿಕೊಂಡು ಕೆಳಗಿನ ಪದರವನ್ನೂ ಕಿತ್ತುಕೊಂಡು ಬರುತ್ತೆ. ಮಳೆ ಹಿಡಿದ ದಿನ ಬೇಡ, ಬಿಳಿಚಿಕೊಳ್ಳುತ್ತೆ. ಕಿಟಕಿ ತೆಗೆದಿರಲಿ, ಹತ್ತಿರ ಒಲೆ, ದೀಪ ಇರಬಾರದು.

ಉತ್ತರ 2
ಮಷೀನ್ ಯಾಕೆ ಬೇಡ ಅನ್ನೋದಕ್ಕೆ ಇನ್ನೊಂದು ಮಾತು. ವಯಸ್ಸಾದ ಬೀಟೆಯ ಆ ಬಣ್ಣ ಇರೋದು ಮೇಲಿನ ತೆಳು ಪದರದಲ್ಲಿ ಮಾತ್ರ. ಅದು ಉಜ್ಜಿ ಹೋದರೆ ಯಾವ ಸ್ಟೇನ್ ಹಾಕಿದರೂ ವಾಪಸ್ ಬರಲ್ಲ. ಬಾಗಿಲ ಅಂಚು ನೋಡಿ: ಮೇಲೆ ವೆನೀರ್ (ಬೆಲೆಬಾಳುವ ಮರದ ತೆಳು ಹಾಳೆ) ಅಂಟಿಸಿದ್ದರೆ ಮಷೀನ್ ಒಂದೇ ಏಟಿಗೆ ತೂತು ಬೀಳಿಸುತ್ತೆ. ಕಾಸ್ಟಿಕ್ ಸೋಡಾ ನೀರಲ್ಲಿ ತೊಳೆಯೋಕೂ ಬಿಡಬೇಡಿ, ಹಳೇ ಅಂಟು ಸಡಿಲಾಗಿ ಕೀಲು ಬಿಡುತ್ತವೆ.

ಟರ್ಪೆಂಟೈನ್ ಆದ ಮೇಲೂ ಅಂಟು ಹೋಗದಿದ್ದರೆ ಅರಗೇ ಕೆಟ್ಟಿದೆ. ಆಗ ಸ್ಪಿರಿಟ್ ಜೊತೆ ನವಿರಾದ ಸ್ಟೀಲ್ ಉಲ್ಲನ್ನಿನಲ್ಲಿ (ಉಕ್ಕಿನ ತೆಳು ಎಳೆಗಳ ಉಂಡೆ) ಪಾಲಿಶ್ ಮಾತ್ರ ತೆಗೀರಿ, ಮರ ಮುಟ್ಟಬೇಡಿ.

ಉತ್ತರ 3
ದಿನಾ ಬಿಸಿ ಪಾತ್ರೆ ಇಡೋ ಊಟದ ಮೇಜಾಗಿದ್ದರೆ ಪಿಯು ಸರಿ ಅಂತಿದ್ದೆ, ಬೀರುವಿಗೆ ಬೇಡ. ಹುಳು ಇದೆಯಾ ನೋಡಿದ್ರಾ? ಬೀಟೆಯ ತಿರುಳನ್ನು ಅದು ಸುಲಭಕ್ಕೆ ಮುಟ್ಟಲ್ಲ, ಆದರೆ ಹಿಂದಿನ ಹಲಗೆ ಅಗ್ಗದ ಮರದ್ದಿರುತ್ತೆ. ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಹೊಸದಾಗಿ ಹಿಟ್ಟು ಉದುರಿದರೆ ತೂತುಗಳಿಗೆ ಸಿರಿಂಜ್‌ನಲ್ಲಿ ಮರದ ಕೀಟನಾಶಕ ಬಿಟ್ಟು, ಒಣಗಿದ ಮೇಲೆ ಮೇಣ ತುಂಬಿ. ಪಾಲಿಶ್ ಅದಾದ ನಂತರ.