ಬ್ರಾಕೆಟ್ ಒಳಗಿನ ಹೆಸರು ಮಾತ್ರ ಬೇಕು, ರೆಜೆಕ್ಸ್ ಇಡೀ ಸಾಲನ್ನೇ ಎತ್ತಿ ಕೊಡ್ತಿದೆ

ಅಘನಾಶಿನಿ_ದಂಡೆ:
ಶಿರಸಿ ಅಡಿಕೆ ಹರಾಜಿನ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಸಾದಾ ಅಕ್ಷರದಲ್ಲಿ ಬರ್ತದೆ. ಸಾಲು ಹೀಗಿರ್ತದೆ:

[ಚಾಲಿ] (32) [ಬಿಳೆಗೋಟು] (11) [ಕೆಂಪುಗೋಟು] (7)

ಮೊದಲನೆಯದು ಅಡಿಕೆಯ ತರ, ಪಕ್ಕದ್ದು ಚೀಲದ ಲೆಕ್ಕ. ಪೈಥಾನ್‌ನಲ್ಲಿ \[(.*)\] ಅಂತ ರೆಜೆಕ್ಸ್ (ಅಕ್ಷರ ಹುಡುಕುವ ಪ್ಯಾಟರ್ನ್) ಕೊಟ್ಟು, ಹೊಂದಿದ್ದನ್ನೆಲ್ಲ ಪಟ್ಟಿ ಮಾಡುವ ಫೈಂಡ್‌ಆಲ್ ಓಡಿಸಿದರೆ ಮೂರು ಹೆಸರಿನ ಬದಲು ಒಂದೇ ತುಂಡು ಬರ್ತದೆ: ಚಾಲಿ] (32) [ಬಿಳೆಗೋಟು] (11) [ಕೆಂಪುಗೋಟು. ಎಂತಕ್ಕೆ?

ಬೆಟ್ಟದ_ಸೊಪ್ಪು:
ನಕ್ಷತ್ರಕ್ಕೆ ಹೊಟ್ಟೆಬಾಕತನ ಜಾಸ್ತಿ. .* (ಯಾವುದೇ ಅಕ್ಷರ, ಎಷ್ಟು ಬೇಕಾದರೂ) ಮೊದಲು ಸಾಲಿನ ಕೊನೆವರೆಗೂ ನುಂಗಿ, ಆಮೇಲೆ ಒಂದೊಂದೇ ಅಕ್ಷರ ಹಿಂದೆ ಬರ್ತದೆ. ಹಾಗಾಗಿ ಅದಕ್ಕೆ ಮೊದಲು ಸಿಗೋದು ಕಟ್ಟಕಡೆಯ ] ಚಿಹ್ನೆ.

ಹೆಚ್ಚಿನವರು \[(.*?)\] ಅಂತ ಪ್ರಶ್ನೆ ಚಿಹ್ನೆ ಹಾಕಿ ಮುಗಿಸ್ತಾರೆ, ಆಗ ಅದು ಮೊದಲು ಸಿಕ್ಕ ] ಹತ್ತಿರವೇ ನಿಲ್ತದೆ. ನಿಮ್ಮ ಸಾಲಿಗೆ ಅದೂ ಆಗ್ತದೆ. ಆದರೆ ಟೈಪ್ ಮಾಡುವವರು ಒಂದು ] ಬಿಟ್ಟರೆ ಕೆಟ್ಟಿತು:

[ಚಾಲಿ (32) [ಬಿಳೆಗೋಟು] (11)

ಇಲ್ಲಿ ಸಿಗುವ ಹೆಸರು «ಚಾಲಿ (32) [ಬಿಳೆಗೋಟು». ದೋಷ ಅಂತ ಎಲ್ಲೂ ಹೇಳೋದಿಲ್ಲ, ಸುಮ್ಮನೆ ತಪ್ಪು ಲೆಕ್ಕ ಒಳಗೆ ಹೋಗ್ತದೆ. ಒಳಗೆ ಏನು ಬರಬಾರದು ಅಂತ ಹೇಳೋದೇ ಗಟ್ಟಿ:

\[([^\[\]]*)\]

ಎರಡೂ ಬ್ರಾಕೆಟ್ ನಿಷಿದ್ಧ ಆದ್ದರಿಂದ ಮುರಿದ ಚಾಲಿ ಬಿಟ್ಟುಹೋಗಿ ಬಿಳೆಗೋಟು ಸರಿಯಾಗಿ ಬರ್ತದೆ. ಒಂದು ಎಚ್ಚರ: ಬಿಂದು ಮಾಮೂಲಾಗಿ ಹೊಸ ಸಾಲಿಗೆ ದಾಟುವುದಿಲ್ಲ, [^…] ದಾಟ್ತದೆ. ಸಾಲು ಸಾಲಾಗಿ ಓದಿಸಿ.

ಅಘನಾಶಿನಿ_ದಂಡೆ:
ಆಯ್ತು, ಥ್ಯಾಂಕ್ಸ್. ಇದಕ್ಕೂ ಮುಂಚೆ ನಡುವೆ ಸ್ಲ್ಯಾಶ್-ಡಬ್ಲ್ಯೂ, ಪ್ಲಸ್ (\w+) ಹಾಕಿ ನೋಡಿದ್ದೆ. ಖಾಲಿ ಪಟ್ಟಿ ಬಂತು. ಅದು ಅಕ್ಷರಕ್ಕೆಲ್ಲ ಹೊಂದಬೇಕಲ್ಲ?

ಕಾಳಿ_ಸೇತುವೆ:
ಕನ್ನಡಕ್ಕೆ ಅದು ಕೈಕೊಡ್ತದೆ ಮಾರಾಯ್ರೇ. ಪೈಥಾನ್‌ನ ಸ್ವಂತ ಲೈಬ್ರರಿಯಲ್ಲಿ ಸ್ಲ್ಯಾಶ್-ಡಬ್ಲ್ಯೂ ಮೂಲ ಅಕ್ಷರಕ್ಕೆ ಹೊಂದ್ತದೆ, ಸ್ವರಚಿಹ್ನೆಗೆ ಇಲ್ಲ. «ಚಾಲಿ»ಯಲ್ಲಿ ಚ ಆದ ಕೂಡಲೇ ದೀರ್ಘಕ್ಕೆ ನಿಂತುಬಿಡ್ತದೆ. ಒತ್ತಕ್ಷರದ ನಡುವಿನ ವಿರಾಮ ಚಿಹ್ನೆಗೂ (್) ಅದೇ ಗತಿ. [ಂ-ೲ]+ ಕೊಟ್ಟರೆ ಇದು ದಾಟ್ತದೆ, ಆದರೆ ಜಾಗ ಬಿಟ್ಟು ಬರೆದ «ಹೊಸ ಚಾಲಿ» ಸಿಗೋದಿಲ್ಲ. ಮೇಲಿನ ನಿಷೇಧದ ಪ್ಯಾಟರ್ನೇ ಸಾಕು.

ಹೆಸರು, ಚೀಲ ಎರಡೂ ಒಟ್ಟಿಗೆ ಬೇಕಾದರೆ:

\[([^\[\]]*)\] *\(([0-9೦-೯]+)\)

ಎರಡು ಗುಂಪು ಇರೋದರಿಂದ ಫೈಂಡ್‌ಆಲ್ ಜೋಡಿಗಳ ಪಟ್ಟಿ ಕೊಡ್ತದೆ. ಯಾರಾದರೂ (೩೨) ಅಂತ ಬರೆದರೂ ಸಂಖ್ಯೆ ಮಾಡುವ ಇಂಟ್‌ಗೆ ನೇರ ಕೊಡಿ, 32 ಆಗ್ತದೆ. ಪ್ಯಾಟರ್ನ್ ಬರೆಯುವ ಉದ್ಧರಣ ಚಿಹ್ನೆಯ ಮುಂದೆ ಆರ್ (r) ಅಕ್ಷರ ಮರೀಬೇಡಿ, ಇಲ್ಲದಿದ್ದರೆ ಪೈಥಾನ್ 3.12ರಿಂದ ಇಂಥ ಸ್ಲ್ಯಾಶ್‌ಗಳಿಗೆ ಎಚ್ಚರಿಕೆ ಸಾಲು ಕಾಣಿಸ್ತದೆ.

ಬೆಟ್ಟದ_ಸೊಪ್ಪು:
[ಚಾಲಿ [ಹಳೆ]] ಥರ ಒಳಗೊಂದು ಬ್ರಾಕೆಟ್ ಬಂದರೆ ನನ್ನ ನಿಷೇಧದ ಪ್ಯಾಟರ್ನ್ «ಹಳೆ» ಮಾತ್ರ ಕೊಡ್ತದೆ. ಆ ಲೈಬ್ರರಿಯಲ್ಲಿ ರಿಕರ್ಶನ್ (ಪ್ಯಾಟರ್ನ್ ತನ್ನೊಳಗೆ ತನ್ನನ್ನೇ ಮತ್ತೆ ಬಳಸೋದು) ಇಲ್ಲ. [ ಕಂಡಾಗ ಒಂದು ಕೂಡಿಸಿ, ] ಕಂಡಾಗ ಒಂದು ಕಳೆದು, ಸೊನ್ನೆ ಆದಲ್ಲಿ ಕತ್ತರಿಸುವ ಪುಟ್ಟ ಲೂಪ್ ಬರೀರಿ.